ಪಣ್ಣು ನೋಡಲು ಹೋದ ಜಯಣ್ಣ

ಕೇರಳದ ಕಾಕ್ಕನಾಡಿನಲ್ಲಿ ಮಗಳ ಫ್ಲಾಟಿನ ಕೆಳಗಿದ್ದ ಅಂಗಡಿಯವನು ಬಾಳೆಹಣ್ಣು ಕೊಟ್ಟದ್ದೇ ಎಲ್ಲದಕ್ಕೂ ಮೂಲ.

‘ಹಣ್ಣಿಗೆ ಇಲ್ಲಿ ಪಳಂ ಅಂತಾರಪ್ಪ’ ಎಂದು ಮಗಳು ಮಂದಾಕಿನಿ ಹೇಳಿಕೊಟ್ಟಿದ್ದಳು. ಜಯಣ್ಣ ಇಳಿದು ಹೋಗಿ ‘ಪಳಂ’ ಎಂದ. ಅಂಗಡಿಯವನು ಬಾಳೆಹಣ್ಣು ಕೊಟ್ಟ. ‘ಇದಲ್ಲ, ಬೇರೆ ಪಳಂ’ ಎಂದ. ಅಂಗಡಿಯವನು ಬೇರೆ ಜಾತಿಯ ಬಾಳೆಹಣ್ಣು ಕೊಟ್ಟ. ಇನ್ನೂ ಬೇರೆ ಎಂದಾಗ ಕೆಂಪು ಬಾಳೆಹಣ್ಣು ಬಂತು. ಮೂರು ಚಿಪ್ಪು ಹೊತ್ತು ಮೇಲೆ ಬಂದ ಜಯಣ್ಣ, ಈ ನಾಡಿನಲ್ಲಿ ಪಳಂ ಎಂದರೆ ಬಾಳೆಹಣ್ಣು ಮಾತ್ರ, ಉಳಿದ ಹಣ್ಣುಗಳಿಗೆ ಬೇರೆ ಯಾವುದೋ ಮಾತಿದೆ ಎಂದು ತೀರ್ಮಾನಿಸಿದ.

ಆ ಮಾತನ್ನು ಒದಗಿಸಿದವನು ಎದುರು ಫ್ಲಾಟಿನ ಅಲ್ವಿನ್. ಮಂಗಳೂರಿನ ಹುಡುಗ, ಐಟಿ ಪಾರ್ಕಿನಲ್ಲಿ ಕೆಲಸ. ಕೇಳದಿದ್ದರೂ ಸಲಹೆ ಕೊಡುವ ಜಾತಿ.

‘ಮಲಯಾಳ ತುಂಬಾ ಸುಲಭ ಉಂಟು ಅಂಕಲ್. ಹ ತೆಗೀರಿ, ಪ ಹಾಕಿ. ಹಾಲಿಗೆ ಪಾಲ್, ಹುಲಿಗೆ ಪುಲಿ, ಹಲ್ಲಿಗೆ ಪಲ್ಲ್. ಆಯ್ತಲ್ಲ, ಇನ್ನೆಂತ?’

‘ಅಂಗಾರೆ ಹಣ್ಣು?’

‘ಪಣ್ಣು. ಮತ್ತೆಂತ!’

ಜಯಣ್ಣನಿಗೆ ಇದು ಹಿಡಿಸಿತು. ದೇವನಹಳ್ಳಿ ಕಡೆಯವನಾದ್ದರಿಂದ ಅವನ ಬಾಯಲ್ಲಿ ‘ಹ’ ಎಂದೂ ನೆಟ್ಟಗೆ ನಿಂತದ್ದೇ ಇಲ್ಲ. ಅದನ್ನು ಬಿಟ್ಟುಕೊಡಲು ಯಾವ ಸಂಕಟವೂ ಇರಲಿಲ್ಲ. ಇಂಗ್ಲಿಷಿನಲ್ಲಿ ‘ಫ್ರೂಟ್’ ಎಂದರೆ ಮುಗಿಯುತ್ತಿತ್ತು, ನಿಜ. ಆದರೆ ಬೆಂಗಳೂರಿಗೆ ಬಂದು ಕನ್ನಡ ಕಲಿಯದವರನ್ನು ಬಸ್ಸು ಬಸ್ಸಿನಲ್ಲಿ ಬೈದವನು ಕೇರಳಕ್ಕೆ ಬಂದು ಇಂಗ್ಲಿಷ್ ಆಡುವುದೇ? ಜಯಣ್ಣ ತತ್ವ ಬಿಡುವವನಲ್ಲ. ತತ್ವವೂ ಅವನನ್ನು ಬಿಡುತ್ತಿರಲಿಲ್ಲ.

ಕಾಕ್ಕನಾಡಿನವರಿಗೆ ಅವನು ‘ರಿಟೈರ್ಡ್ ರೈತ’. ರೈತನಿಗೆ ರಿಟೈರ್‌ಮೆಂಟ್ ಯಾರು ಕೊಡುತ್ತಾರೆ? ಅವನಿಗೆ ಕೊಟ್ಟದ್ದು ಸರ್ಕಾರ. ಹೊಸ ರಸ್ತೆ ಬೇಕೆಂದು ಚಕ್ಕೋತದ ತೋಟವನ್ನು ಅಳೆದು, ಬೋಳಿಸಿ, ಹಾರ ಹಾಕದೆ, ಪೆನ್ಷನ್ ಕೊಡದೆ ಬೀಳ್ಕೊಟ್ಟಿತು. ತಮ್ಮ ಪಿಳ್ಳಪ್ಪ ಇರುವ ಮನೆಯ ಮುಂದೆ ಒಂದೇ ಒಂದು ಮರ ಉಳಿದಿತ್ತು. ಅದಕ್ಕೂ ಈಗ ಸುಣ್ಣದ ಗುರುತು ಬಿದ್ದಿತ್ತು.

ಜಯಣ್ಣ ಹೋಗಿ ಇಂಜಿನಿಯರ್ ಮುಂದೆ ನಿಂತಿದ್ದ. ಇಂಜಿನಿಯರ್ ಕೆಟ್ಟವನಲ್ಲ, ಕೆಟ್ಟ ಕೆಲಸ ಮಾಡುವಾಗ ಒಳ್ಳೆಯ ಮಾತಾಡುವವನು.

‘ನೋಡಿ ಯಜಮಾನ್ರೇ, ಬರೀ ಮರ ಅಂದ್ರೆ ಕಾನೂನಿನ ಕಣ್ಣಿಗೆ ಕಾಣ್ಸಲ್ಲ. ಬಹುಮಾನ ಗೆದ್ದ ಮರ ಅಂದ್ರೆ ಕಾಣ್ಸುತ್ತೆ. ಸೋಮವಾರದೊಳಗೆ ಒಂದು ಬಹುಮಾನ ತನ್ನಿ, ರಸ್ತೆ ನಾಲ್ಕಡಿ ಆ ಕಡೆ ತಿರುಗಿಸೋಣ.’

ಊರ ಕಡೆಯ ಪ್ರದರ್ಶನದಲ್ಲಿ ಮೊದಲ ಬಹುಮಾನ ವರ್ಷವೂ ಅಧ್ಯಕ್ಷರ ಭಾವಮೈದುನನ ದಾಳಿಂಬೆಗೇ ಮೀಸಲು. ತಿರುವನಂತಪುರದಲ್ಲಿ ಶನಿವಾರ ವಾರ್ಷಿಕ ಹಣ್ಣಿನ ಪ್ರದರ್ಶನವಿದೆ, ಯಾರು ಬೇಕಾದರೂ ಹಣ್ಣು ತರಬಹುದು ಎಂದು ಮಂದಾಕಿನಿ ಪತ್ತೆ ಮಾಡಿದಳು. ಪಿಳ್ಳಪ್ಪ ಅದೇ ಮರದ ಎರಡು ಹಣ್ಣನ್ನು ಹುಲ್ಲಿನಲ್ಲಿ ಸುತ್ತಿ ಬಸ್ಸಿಗೆ ಹಾಕಿದ. ಬಹುಮಾನ ಹಿಡಿದು ಅಲ್ಲಿಂದಲೇ ರಾತ್ರಿ ರೈಲಿಗೆ ಊರಿಗೆ ಹೋಗುವುದೆಂದು ನಿಶ್ಚಯವಾಯಿತು.

ಶನಿವಾರ ತಿರುವನಂತಪುರದ ಪ್ಲಾಟ್‌ಫಾರ್ಮಿನಲ್ಲಿ ಇಳಿದಾಗ ಜಯಣ್ಣ ಮದುಮಗನಂತಿದ್ದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಎದೆಗವುಚಿದ ಚೀಲದಲ್ಲಿ ಎರಡು ಚಿನ್ನದ ಬಣ್ಣದ ಚಕ್ಕೋತ. ದಪ್ಪ ಮೀಸೆಯವರೊಬ್ಬರು ಇಳಿದವರ ಮುಖವನ್ನೆಲ್ಲ ಹುಡುಕುತ್ತ ಬಂದು ಅವನ ಮುಂದೆ ನಿಂತರು.

‘ಬ್ಯಾಂಗ್ಳೂರ್?’

‘ಊಂ.’

‘ರಿಟೈರ್ಡ್ ಆಣಲ್ಲೇ?’

‘ರಿಟೈರ್ಡ್, ರಿಟೈರ್ಡ್!’

‘ಪೆಣ್ಣು ಕಾಣಾನ್?’

ಜಯಣ್ಣನ ಮುಖ ಅರಳಿತು. ಅಲ್ವಿನ್ ಹೇಳಿದ್ದು ಅಕ್ಷರಕ್ಕಕ್ಷರ ಸರಿ! ‘ಅದೇ ಅದೇ! ಪಣ್ಣು ಕಾಣಾನ್! ಪಣ್ಣು ಕಾಣಾನ್!’ ಎಂದು ಚೀಲ ಎತ್ತಿ ತೋರಿಸಿದ.

ಮೀಸೆಯವರು ಜನಾರ್ದನನ್, ಚಾಲೈ ಪೇಟೆಯಲ್ಲಿ ಮೆಣಸಿನ ಸಗಟು ವ್ಯಾಪಾರಿ. ಅವರು ಕಾರಿನ ಬಾಗಿಲು ತೆರೆದರು. ಜಯಣ್ಣನ ಕಣ್ಣು ತೇವವಾಯಿತು. ಹಣ್ಣು ಬೆಳೆದವನನ್ನು ಸ್ಟೇಷನ್ನಿಗೆ ಬಂದು ಕಾರಿನಲ್ಲಿ ಕರೆದೊಯ್ಯುವ ರಾಜ್ಯ! ತನ್ನ ತಾಲ್ಲೂಕಿನಲ್ಲಿ ಜವಾನನೂ ಅವನಿಗೆ ಬೆಂಚು ತೋರಿಸಿದವನಲ್ಲ.

ಕಾರು ಚಾಲೈ ಹಿಂದಿನ ಓಣಿಯ ಒಂದು ಮನೆಯ ಮುಂದೆ ನಿಂತಿತು. ಪಕ್ಕದ ಕಾಂಪೌಂಡಿನ ಮೇಲೆ ಆಗಲೇ ತಲೆಗಳು, ತಂತಿಯ ಮೇಲಿನ ಕಾಗೆಗಳ ಹಾಗೆ ಸಾಲಾಗಿ ಕೂತಿದ್ದವು. ‘ಪರವಾಯಿಲ್ಲ, ಪಲ್ಲೆಲ್ಲಾಂ ಉಂಡ್’ ಎಂದಳು ಒಬ್ಬಾಕೆ. ಹಲ್ಲೆಲ್ಲ ಇವೆ ಎಂಬುದು ಜಯಣ್ಣನಿಗೆ ಸೂತ್ರದ ಬಲದಿಂದ ಅರ್ಥವಾಯಿತು. ಹಣ್ಣಿನ ಪ್ರದರ್ಶನಕ್ಕೂ ತನ್ನ ಹಲ್ಲಿಗೂ ಏನು ಸಂಬಂಧ ಎಂಬುದು ಮಾತ್ರ ಹೊಳೆಯಲಿಲ್ಲ.

ಒಳಗೆ ಚಿಪ್ಸು, ಲಾಡು, ಗಂಭೀರ ಮುಖಗಳು. ತೀರ್ಪುಗಾರರಿರಬೇಕು. ಜನಾರ್ದನನ್ ಎದುರು ಕೂತು ಕೇಳಿದರು: ‘ಜಾತಿ?’

‘ಚಕ್ಕೋತ’ ಎಂದ ಜಯಣ್ಣ ಹೆಮ್ಮೆಯಿಂದ.

ಮುಖಗಳು ಒಂದನ್ನೊಂದು ನೋಡಿಕೊಂಡವು. ಆ ಹೆಸರಿನ ಜಾತಿ ತಮಗಿಂತ ಮೇಲೋ ಕೆಳಗೋ ಎಂದು ಯಾರಿಗೂ ತಿಳಿಯಲಿಲ್ಲ. ಎಷ್ಟು ಬಗ್ಗಬೇಕೆಂದು ಗೊತ್ತಾಗದೆ ಎಲ್ಲರೂ ಅರ್ಧ ಬಗ್ಗಿದರು.

‘ವಯಸ್ಸ್?’

ಮರವನ್ನು ಅಪ್ಪ ನೆಟ್ಟದ್ದು ತಾನು ಹುಟ್ಟಿದ ವರ್ಷ. ‘ಅರವತ್ತು. ಇನ್ನೂ ಗಟ್ಟಿ. ವರ್ಷಕ್ಕೆ ಎರಡು ಸಲ ಕಾಯಿ ಬಿಡುತ್ತೆ.’ ಕೊನೆಯ ಮಾತು ಅದೃಷ್ಟಕ್ಕೆ ಯಾರಿಗೂ ಅರ್ಥವಾಗಲಿಲ್ಲ.

‘ಭಾರ್ಯ?’

ಜಯಣ್ಣ ಸುಮ್ಮನೆ ಕೈಯನ್ನು ಆಕಾಶದ ಕಡೆ ಎತ್ತಿದ. ಎಲ್ಲರೂ ಲೊಚಗುಟ್ಟಿದರು. ಹಣ್ಣಿನ ಜೊತೆ ರೈತನ ಕಷ್ಟಸುಖವನ್ನೂ ವಿಚಾರಿಸುತ್ತಾರಲ್ಲ ಎಂದು ಅವನು ಕೂತಲ್ಲಿಂದಲೇ ಎಲ್ಲರಿಗೂ ಕೈಮುಗಿದ.

ಆಗ ಟೀ ಟ್ರೇ ಹಿಡಿದು ಜನಾರ್ದನನ್ ಅವರ ಅಕ್ಕ ವೇದವತಿ ಬಂದರು. ಐವತ್ತು ದಾಟಿದವರು, ಸರ್ಕಾರಿ ಕಚೇರಿಯೊಂದರಲ್ಲಿ ಇಡೀ ವಿಭಾಗವನ್ನು ನಡೆಸುವವರು. ಪತ್ರಿಕೆಯ ಜಾಹೀರಾತು ನೋಡಿ ಬೆಂಗಳೂರಿನ ರಿಟೈರ್ಡ್ ವಿಧುರರೊಬ್ಬರು ಆ ದಿನ ಅವರನ್ನು ನೋಡಲು ಬರಬೇಕಿತ್ತು. ಪೆಣ್ಣು ಎಂದರೆ ಹೆಣ್ಣು. ಪೆಣ್ಣು ಕಾಣಲು ಬಂದ ಗಂಡು ಜಯಣ್ಣನೇ ಎಂದು ಮನೆಗೆ ಮನೆಯೇ ನಂಬಿತ್ತು. ಹಣ್ಣಿನ ಪ್ರದರ್ಶನದಲ್ಲಾದರೆ ‘ಮುಟ್ಟಬೇಡಿ’ ಎಂಬ ಬೋರ್ಡು ಇರುತ್ತದೆ. ಹೆಣ್ಣಿನ ಪ್ರದರ್ಶನದಲ್ಲಿ ಅದೂ ಇಲ್ಲ. ಐವತ್ತಾದರೂ ಟ್ರೇ ಹಿಡಿದು ನಿಲ್ಲಲೇಬೇಕು. ವೇದವತಿ ಟ್ರೇಯನ್ನು ಟೀ ಚೆಲ್ಲುವ ಹಾಗೆ ಕುಕ್ಕಿದರು.

ಇವರೇ ಮುಖ್ಯ ತೀರ್ಪುಗಾರರು ಎಂದು ಜಯಣ್ಣನಿಗೆ ಆ ಸದ್ದಿನಿಂದಲೇ ಖಾತ್ರಿಯಾಯಿತು. ಎದ್ದು ನಿಂತು ಒಂದು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಹಾರವಲ್ಲ, ಸೀರೆಯಲ್ಲ, ತಲೆಯಷ್ಟು ದೊಡ್ಡ ಹಣ್ಣು! ವೇದವತಿ ಮೊದಲ ಸಲ ನಕ್ಕರು. ಚಾಕು ತರಿಸಿ ಅಲ್ಲೇ ಹೆಚ್ಚಿದರು. ಕೆಂಪು ತೊಳೆಗಳು ಮನೆಯವರಿಗೆಲ್ಲ ಹೋದವು, ಕಾಂಪೌಂಡಿನ ಮೇಲಿನ ತಲೆಗಳಿಗೂ ಹೋದವು.

‘ನಲ್ಲ ಮಧುರಂ’ ಎಂದರು ವೇದವತಿ.

ಜನಾರ್ದನನ್‌ಗೆ ಸಂಬಂಧ ಹಿಡಿಸಿತು. ಊರಿನಲ್ಲಿ ಯಾರಿದ್ದಾರೆ, ಫೋನ್ ಇದೆಯೇ ಎಂದು ಕೈಸನ್ನೆಯಲ್ಲಿ ವಿಚಾರಿಸಿದರು. ಗೆದ್ದವರ ವಿಳಾಸಕ್ಕೆ ಇರಬೇಕೆಂದು ಜಯಣ್ಣ ಪಿಳ್ಳಪ್ಪನ ನಂಬರ್ ಹೇಳಿದ. ಅವರು ಜಗುಲಿಗೆ ಹೋಗಿ ಬಹಳ ಹೊತ್ತು ಜೋರಾಗಿ ಮಾತಾಡಿ, ನಗುತ್ತ ಒಳಗೆ ಬಂದರು.

ಜಯಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ‘ಪ್ರೈಸ್?’ ಎಂದ.

ನಗು ನಿಂತಿತು.

‘ಪ್ರೈಸ್ ಸಿಗ್ತದಾ ಇಲ್ವಾ? ನಂಗೆ ಪ್ರೈಸ್ ಬೇಕೇ ಬೇಕು.’

‘ಪ್ರೈಸೋ?’ ವೇದವತಿ ಎದ್ದರು. ವರದಕ್ಷಿಣೆ ಕೇಳಿದ ಇಬ್ಬರನ್ನು ಹಿಂದೆಯೂ ಮೆಟ್ಟಿಲಿಳಿಸಿದವರು ಅವರು. ‘ವಾಟ್ ಪ್ರೈಸ್? ಐ ಆ್ಯಮ್ ನಾಟ್ ಫಾರ್ ಸೇಲ್!’ ಎಂದು ಚಾಕು ಹಿಡಿದ ಕೈಯನ್ನೇ ಬಾಗಿಲ ಕಡೆ ಚಾಚಿದರು.

ಚಾಕು ಕಂಡಾಗ ಜಯಣ್ಣನ ತತ್ವ ಒಂದೇ ಏಟಿಗೆ ಬಿತ್ತು. ‘ಅಯ್ಯೋ ತಾಯಿ, ಪ್ರೈಸು! ಫಸ್ಟ್ ಪ್ರೈಸು! ಫ್ರೂಟ್! ಫ್ರೂಟ್ ಶೋ!’ ಎಂದು ಉಳಿದ ಚಕ್ಕೋತವನ್ನು ಗುರಾಣಿಯಂತೆ ಮುಂದೆ ಹಿಡಿದ.

ವೇದವತಿ ಹಣ್ಣನ್ನು ನೋಡಿದರು, ಅವನನ್ನು ನೋಡಿದರು, ‘ಪಣ್ಣು...’ ಎಂದು ಗೊಣಗಿಕೊಂಡರು. ಆಮೇಲೆ ಸೆರಗು ಬಾಯಿಗಿಟ್ಟು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕರು. ‘ಮೈ ಡಿಯರ್ ಸರ್, ಪಣ್ಣು ಅಲ್ಲ. ಪೆಣ್ಣು, ಪೆಣ್ಣು! ಲೇಡಿ!’

ಹೆಣ್ಣು ಎಂಬುದು ತಲೆಗೆ ಹೋದಾಗ ಜಯಣ್ಣ ತಾನು ತಂದ ಹಣ್ಣಿನ ಒಳಗಿನಷ್ಟು ಕೆಂಪಾದ.

ನಿಜವಾದ ಗಂಡು ಪ್ಲಾಟ್‌ಫಾರ್ಮಿನಲ್ಲಿ ಕಾದು ಕಾದು ಸಿಟ್ಟಿಗೆದ್ದು ಹಿಂದಿರುಗಿದ ಸುದ್ದಿ ಅಷ್ಟರಲ್ಲಿ ಬಂತು. ಜನಾರ್ದನನ್ ತಲೆ ಹಿಡಿದು ಕೂತರು. ವೇದವತಿ ಮಾತ್ರ ಶಾಲೆಗೆ ರಜೆ ಸಿಕ್ಕಿದ ಹುಡುಗಿಯಂತೆ ಚಪ್ಪಲಿ ಮೆಟ್ಟಿದರು. ಆಟೋ ಹಿಡಿದು, ಬಾಗಿಲು ಮುಚ್ಚುತ್ತಿದ್ದ ಪ್ರದರ್ಶನದ ಪಂಡಾಲಿಗೆ ಜಯಣ್ಣನನ್ನು ನುಗ್ಗಿಸಿದರು. ‘ಚಕ್ಕೋತ’ ಎಂದು ಕೇಳಿದ ಕೂಡಲೇ ಸ್ವಯಂಸೇವಕನೊಬ್ಬ ಅದನ್ನು ಚಕ್ಕ, ಅಂದರೆ ಹಲಸಿನ ಮೇಜಿಗೆ ಒಯ್ದಿದ್ದ. ವೇದವತಿ ಅಲ್ಲಿಂದ ಕಿತ್ತು ತಂದು ನಿಂಬೆ ಜಾತಿಯ ಹಣ್ಣುಗಳ ಸಾಲಿಗೆ ಇಟ್ಟರು. ಸಂಜೆ ಆ ಸಾಲಿನ ಮೊದಲ ಬಹುಮಾನದ ಕಪ್ಪು ಜಯಣ್ಣನ ಕೈಯಲ್ಲಿತ್ತು.

ಮರ ಉಳಿಯಿತು! ಊರಿನವರಿಗೆ ಕಪ್ಪನ್ನೇ ತೋರಿಸಿ ಹೇಳೋಣವೆಂದು ಯಾರಿಗೂ ಫೋನ್ ಮಾಡದೆ, ರೈಲಿನಲ್ಲಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ.

ಮಾರನೆಯ ದಿನ ಬಸ್ಸಿಳಿದಾಗ ಊರಿಗೆ ಊರೇ ಕಾದಿತ್ತು. ಓಲಗದವರು ಊದಿದರು, ಹೆಂಗಸರು ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಸುದ್ದಿ ಇಷ್ಟು ಬೇಗ ಹೇಗೆ ಮುಟ್ಟಿತೋ ಎಂದು ಜಯಣ್ಣ ಕಪ್ಪನ್ನು ಎತ್ತಿ ತೋರಿಸಿದ. ಯಾರೂ ಕಪ್ಪನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಅವನ ಬೆನ್ನ ಹಿಂದೆ, ಬಸ್ಸಿನ ಬಾಗಿಲಲ್ಲಿ ಏನನ್ನೋ ಹುಡುಕುತ್ತಿದ್ದವು.

ಮನೆ ಮುಂದೆ ದೊಡ್ಡ ಚಪ್ಪರ. ಪಿಳ್ಳಪ್ಪ ಹೊಸ ಅಂಗಿ ತೊಟ್ಟು ಓಡಿ ಬಂದ.

‘ಅತ್ತಿಗೆ ಎಲ್ಲಣ್ಣೋ?’

‘ಮರ ಎಲ್ಲೋ?’ ಎಂದ ಜಯಣ್ಣ.

‘ನಾಚ್ಕೋಬೇಡಣ್ಣ. ಕೇರಳದ ಭಾವ ಫೋನ್ ಮಾಡಿದ್ರು. ಪೆಣ್ಣು ಕಾಣಾನ್ ವನ್ನು ಅಂದ್ರು. ಹೆಣ್ಣು ನೋಡಕ್ಕೆ ಬಂದವ್ನೆ ಅಂತ ಅಷ್ಟೂ ತಿಳ್ಯಲ್ವಾ ನಂಗೆ? ಅಷ್ಟು ನಗ್ತಾ ಮಾತಾಡಿದ್ಮೇಲೆ ಸಂಬಂಧ ಗಟ್ಟಿ, ಅತ್ತಿಗೆ ಜೊತೆಗೇ ಬರ್ತಾರೆ ಅನ್ಕೊಂಡೆ. ಹಣ್ಣೇನಾಯ್ತು ಅಂತ ಕೇಳ್ದೆ. ಪಳಂ ಎಲ್ಲಾರುಂ ತಿನ್ನು ಅಂದ್ರು. ಫಲ ಎಲ್ರೂ ತಿಂದ್ಮೇಲೆ ಇನ್ನೆಲ್ಲಿ ಬಹುಮಾನ? ಎಂಗೂ ಸೋಮವಾರ ರೋಡಿನೋರು ಕಡಿಯೋರು. ಅವ್ರ ಪಾಲಾಗೋ ಬದ್ಲು ನಿನ್ ಮದ್ವೆ ಚಪ್ಪರಕ್ಕಾದ್ರೂ ಆಗ್ಲಿ ಅಂತ ನಾನೇ ಕಡಿಸ್ದೆ. ಆಮೇಲೂ ಭಾವ ಏಳೆಂಟು ಸಲ ಫೋನ್ ಮಾಡವ್ರೆ. ಮಿಷಿನ್ ಸದ್ದಲ್ಲಿ ಒಂದೂ ಕೇಳಿಸ್ಲಿಲ್ಲ.’

ಎರಡು ರಾಜ್ಯಗಳ ನಡುವೆ ಆ ದಿನ ಮಲಯಾಳವನ್ನು ಒಂದಕ್ಷರವೂ ತಪ್ಪದೆ ಅರ್ಥ ಮಾಡಿಕೊಂಡವನು ಪಿಳ್ಳಪ್ಪ ಒಬ್ಬನೇ.

ಅಷ್ಟರಲ್ಲಿ ಜೀಪು ನಿಂತಿತು. ಮಾರನೆಯ ದಿನದ ಕೆಲಸಕ್ಕೆ ಜಾಗ ನೋಡಲು ಬಂದ ಇಂಜಿನಿಯರ್ ಇಳಿದು ಕಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಜಯಣ್ಣನ ಬೆನ್ನು ತಟ್ಟಿದ.

‘ಶಭಾಷ್ ಯಜಮಾನ್ರೇ! ಕೊಟ್ಟ ಮಾತು ಮಾತೇ. ರಸ್ತೆ ನಾಲ್ಕಡಿ ಆ ಕಡೆ. ಒಂದು ಫೋಟೋ ತೆಗೀಬೇಕು, ಅಷ್ಟೇ. ಎಲ್ಲಿ, ಮರದ ಪಕ್ಕ ನಿಂತ್ಕೊಳ್ಳಿ.’

ಜಯಣ್ಣ ಚಪ್ಪರದೊಳಗೆ ಹೋಗಿ, ಇನ್ನೂ ಹಸಿ ಆರದ ನಾಲ್ಕು ಕಂಬಗಳಲ್ಲಿ ಯಾವುದರ ಪಕ್ಕ ನಿಲ್ಲಬೇಕೆಂದು ತಿಳಿಯದೆ, ನಡುವೆ ನಿಂತ.