ಪಕ್ಕವಾದ್ಯಕ್ಕೆ ಹಾಡಿದ್ದು

ನನ್ನ ತಂಗಿ ಪೂರ್ವಿಯ ಮೃದಂಗವನ್ನು ಕಾಲೇಜಿನವರ ಕಿವಿಗೆ ಮುಟ್ಟಿಸುವ ಕೆಲಸ ನನ್ನದಾಗಿತ್ತು. ಅದನ್ನು ನಾನು ಮಾಡಲಿಲ್ಲ. ವಿಡಿಯೋ ಕಳಿಸಿದೆ, ನಿಜ. ಅದರಲ್ಲಿ ಮೃದಂಗವೂ ಇತ್ತು, ಅಷ್ಟೆ. ಕೆಲಸ ಕೆಡಿಸುವವರಲ್ಲಿ ಸೋಮಾರಿಗಳಿಗಿಂತ ಉತ್ಸಾಹಿಗಳೇ ಹೆಚ್ಚು ಎಂಬುದು ನನ್ನ ಅನುಭವ. ನಾನು ಸೋಮಾರಿಯಾಗಿದ್ದರೆ ಕಳಿಸುವುದನ್ನೇ ಮರೆತಿರುತ್ತಿದ್ದೆ, ಯಾರಾದರೂ ನೆನಪಿಸುತ್ತಿದ್ದರು.

ಪೂರ್ವಿ ಇಂಜಿನಿಯರಿಂಗ್ ಓದಲು ಹೊರಟವಳು. ನಾವು ಬಂದು ನೆಲೆಸಿದ ಈ ಡಾಲರ್ ದೇಶದ ಕೆಲವು ಕಾಲೇಜುಗಳಲ್ಲಿ ಒಂದು ಪದ್ಧತಿ: ನೀವು ಓದಲಿರುವುದು ಯಂತ್ರಗಳ ವಿಷಯವಾದರೂ, ಸಂಗೀತವೋ ಚಿತ್ರವೋ ಚೆನ್ನಾಗಿ ಬರುತ್ತಿದ್ದರೆ ಅದರ ಮಾದರಿಯನ್ನೂ ಅರ್ಜಿಯ ಜೊತೆ ಕಳಿಸಬಹುದು, ಅಲ್ಲಿನ ಸಂಗೀತದ ಮೇಷ್ಟ್ರುಗಳು ಕೇಳಿ ಒಂದು ಮಾತು ಹೇಳುತ್ತಾರೆ. ಆರ್ಟ್ಸ್ ಸಪ್ಲಿಮೆಂಟ್ ಎಂದು ಅದರ ಹೆಸರು. ಅಪ್ಪನಿಗೆ ಇದು ಅರ್ಥವಾಗಲೇ ಇಲ್ಲ. "ನಮ್ಮ ಕಾಲದಲ್ಲಿ ಇಂಜಿನಿಯರಿಂಗ್ ಸೀಟು ಸಿಗಲಿ ಅಂತ ಮೃದಂಗ ಬಿಡಿಸ್ತಿದ್ರು ಕಣಮ್ಮ," ಎಂದರು. "ಅಪ್ಪ, ಇದು ಆಪ್ಷನಲ್. ಬಟ್ ಚೆನ್ನಾಗಿಲ್ದೇ ಇರೋದು ಕಳಿಸಿದ್ರೆ ಇನ್ನೂ ವರ್ಸ್," ಎಂದಳು ಪೂರ್ವಿ. ಈ ಮಾತು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ.

ಮೃದಂಗ ಒಂದನ್ನೇ ಬಾರಿಸಿದರೆ ಇಲ್ಲಿಯವರಿಗೆ ತಲೆಬುಡ ತಿಳಿಯದೆಂದು ಹಾಡಲು ನಾನು ಕೂತೆ. ನನ್ನ ವಿದ್ಯೆ ಇಷ್ಟೇ: ಮೈಸೂರಿನಲ್ಲಿ ಎಂಟನೇ ಕ್ಲಾಸು ಮುಗಿಸಿ ಬಂದವನು, ಇಲ್ಲಿ ಹೈಸ್ಕೂಲನ್ನು ಮೇಷ್ಟ್ರುಗಳ ದಯೆಯಿಂದ ದಾಟಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಪಾರ್ಕಿಂಗ್ ಜಾಗ ಹುಡುಕುವುದನ್ನು ಮಾತ್ರ ಚೆನ್ನಾಗಿ ಕಲಿತೆ. ಈಗ ಟಕ್ವಿಲಾದ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಹಾಡು ಮಾತ್ರ ಬಿಟ್ಟಿಲ್ಲ. ರಿವರ್ಸ್ ತೆಗೆಯುವಾಗ ಬರುವ ಬೀಪ್ ಶಬ್ದವನ್ನೇ ಶ್ರುತಿ ಮಾಡಿಕೊಂಡು ಮೋಹನ ರಾಗ ಹಾಡುತ್ತೇನೆ. ಕೇಳುವವರು ರಟ್ಟಿನ ಪೆಟ್ಟಿಗೆಗಳು.

ಇಸ್ಸಾಕ್ವಾದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಎರಡು ಸಲ ರೆಕಾರ್ಡ್ ಮಾಡಿದೆವು. ಮೊದಲನೆಯದರಲ್ಲಿ ನನ್ನ ಗಂಟಲು ನನಗೇ ಗುರುತು ಸಿಗದಷ್ಟು ಇಂಪಾಗಿತ್ತು. ಪೂರ್ವಿಯ ತನಿ, ಅಂದರೆ ನಾನು ಬಾಯಿ ಮುಚ್ಚಿಕೊಂಡು ಅವಳೊಬ್ಬಳೇ ನುಡಿಸುವ ಭಾಗ, ಕೊನೆಯ ಮುಕ್ತಾಯದಲ್ಲಿ ತಾಳದಿಂದ ಕೂದಲೆಳೆಯಷ್ಟು ಜಾರಿತು. ಎರಡನೆಯದರಲ್ಲಿ ಅವಳು ಎಷ್ಟು ಖಚಿತವಾಗಿ ಮುಗಿಸಿದಳೆಂದರೆ ತಾಳ ಹಾಕುತ್ತಿದ್ದ ನಾನು ಗಟ್ಟಿಯಾಗಿ "ಭಲೇ" ಎಂದುಬಿಟ್ಟೆ. ಆದರೆ ಅದಕ್ಕೆ ಮೊದಲೇ ಮೇಲಿನ ಷಡ್ಜದಲ್ಲಿ ನನ್ನ ದನಿ ಒಡೆದು ಬಾಗಿಲು ಕಿರುಗುಟ್ಟಿದಂತಾಗಿತ್ತು.

"ಅಣ್ಣ, ನಂದು ಅಪ್ಲಿಕೇಶನ್ ಎಸ್ಸೇ ಇನ್ನೂ ಮುಗ್ದಿಲ್ಲ. ಯಾವ್ದು ಬೆಟರ್ ಅಂತ ನೀನೇ ನೋಡಿ ಅಪ್‌ಲೋಡ್ ಮಾಡ್ಬಿಡು. ನಿಂಗೆ ತಾಳ ಗೊತ್ತಲ್ಲ," ಎಂದಳು. ಗೊತ್ತಿತ್ತು, ಅದೇ ತೊಂದರೆ. ಎರಡನೆಯದೇ ಸರಿ ಎಂದು ಕೇಳಿದ ಕೂಡಲೇ ತಿಳಿಯಿತು. ಆದರೆ ನನ್ನದು ಅನ್ನುವಂಥದ್ದೇನನ್ನೋ ಒಂದು ಕಾಲೇಜು ಕೂತು ಕೇಳುವುದು ಇದೇ ಮೊದಲು. ಅಲ್ಲಿಗೆ ಒಡೆದ ಷಡ್ಜ ಕಳಿಸುವುದೇ? ಕೂದಲೆಳೆ ಜಾರಿದ್ದು ಅವರಿಗೆಲ್ಲಿ ತಿಳಿದೀತು ಎಂದುಕೊಂಡು ಮೊದಲನೆಯದನ್ನು ಕಳಿಸಿದೆ. ಒಮ್ಮೆ ಕಳಿಸಿದ್ದನ್ನು ಬದಲಿಸುವಂತಿಲ್ಲ.

ಸಿಕ್ಕಿಬಿದ್ದದ್ದು ಅಮ್ಮನಿಂದ. ನಾನು ಕೊಟ್ಟ ಅದೇ ವಿಡಿಯೋವನ್ನು ಮೈಸೂರಿನ ನೆಂಟರ ಗ್ರೂಪಿಗೆ ಹಾಕಿ, ಊಟದ ಹೊತ್ತಿನಲ್ಲಿ ಬಂದ ಉತ್ತರಗಳನ್ನು ಓದತೊಡಗಿದಳು. "ನೋಡೋ, ನಿಮ್ಮತ್ತೆ: 'ಹುಡುಗನ ಕಂಠ ಏನು ಚೆಂದ!' ಚಿಕ್ಕಮ್ಮ ಕೇಳ್ತಿದಾಳೆ, 'ಇವನಿಗೆ ಯಾವ ಕಾಲೇಜು?' ಅಂತ." ಕೊನೆಗೆ ಸೋದರಮಾವ ಬರೆದಿದ್ದರು: "ಪೂರ್ವಿನೂ ಕೂತಿದಾಳೆ, ಸಂತೋಷ."

ಪೂರ್ವಿ ಫೋನು ತೆಗೆದುಕೊಂಡು ಕೊನೆಯವರೆಗೂ ಕೇಳಿದಳು. ಜಾರಿದ ಕಡೆ ಮೇಜು ತಟ್ಟುತ್ತಿದ್ದ ಅವಳ ಬೆರಳು ನಿಂತಿತು.

"ಅಣ್ಣ, ಇದನ್ನ ಕಳಿಸಿದ್ಯಾ?"

"ಹೂಂ. ಚೆನ್ನಾಗಿತ್ತಲ್ಲ."

"ಯಾರ್ದು?"

ಬೈಯಲಿಲ್ಲ. ಬೈದಿದ್ದರೆ ನಾನೂ ವಾದ ಹೂಡುತ್ತಿದ್ದೆ. ಆ ಒಂದು ವಿಷಯದಲ್ಲಿ ನಾನು ಎಂದೂ ಫೇಲಾದವನಲ್ಲ. ತಟ್ಟೆ ಸಿಂಕಿಗಿಟ್ಟು ಕೆಳಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಮೃದಂಗವನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತಿದ್ದಳು. ಮೆಟ್ಟಿಲ ಮೇಲೆ ನಿಂತು ನನ್ನ ಕಾರಣಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದೆ. ಎಲ್ಲವೂ ನನ್ನ ಬಗ್ಗೆಯೇ ಇದ್ದವು. ಅವನ್ನು ಅಲ್ಲೇ ಬಿಟ್ಟು ಹೇಳಿದೆ:

"ತಪ್ಪಾಯ್ತು ಕಣೇ ಪೂರ್ವಿ. ಎರಡನೇದರಲ್ಲಿ ನೀನು ಚೆನ್ನಾಗಿ ನುಡಿಸಿದ್ದೆ, ಅದು ನಂಗೆ ಗೊತ್ತಿತ್ತು. ನಿನ್ನ ಅರ್ಜಿಯಲ್ಲಿ ನಾನು ಕಚೇರಿ ಮಾಡ್ಬಿಟ್ಟೆ."