ಮುದ್ದಯ್ಯನ ಉಸಿರು ಹಿಂದಿರುಗಿಸುವ ಬಗ್ಗೆ

ಕೊಳ್ಳೇಗಾಲ
ಆಷಾಢ ಮಾಸ, ೧೯೫೭

ಸಕಲ ಊರುಗಳಲ್ಲೂ ಸಮಾನವಾಗಿ ಸಂಚರಿಸುತ್ತಿರುವ ಫ್ಲೂ ಜ್ವರದವರ ಸನ್ನಿಧಾನಕ್ಕೆ,

ಮಾನ್ಯರೇ,

ಕೊಳ್ಳೇಗಾಲದ ನೇಕಾರರ ಬೀದಿಯ ಕಬಡ್ಡಿ ತಂಡದ ಕಾರ್ಯದರ್ಶಿಯೂ, ತಮ್ಮ ಕೃಪೆಯಿಂದ ಒಂದು ವಾರ ಕಂಬಳಿಯೊಳಗೆ ನಡುಗಿ ಎದ್ದವನೂ ಆದ ಹೊನ್ನಯ್ಯನು ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ ಎಂದು ಬರೆಯುವುದು ವಾಡಿಕೆ. ಇತ್ತ ಕ್ಷೇಮವಿಲ್ಲದಿರುವುದಕ್ಕೆ ತಾವೇ ಕಾರಣರಾದ್ದರಿಂದ ಆ ವಾಕ್ಯವನ್ನು ಬಿಟ್ಟಿದ್ದೇನೆ, ಮನ್ನಿಸಬೇಕು. ಅತ್ತ ತಾವು ಕ್ಷೇಮವಾಗಿಯೇ ಇದ್ದೀರೆಂದು ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದೇವೆ.

ಮೊದಲು ತಮ್ಮನ್ನು ಹೊಗಳುವುದು ಧರ್ಮ. ಹೋದ ನವೆಂಬರಿನವರೆಗೆ ನಮ್ಮ ತಾಲ್ಲೂಕು ಮದರಾಸು ರಾಜ್ಯದ್ದಾಗಿದ್ದು ಆಮೇಲೆ ಮೈಸೂರಿಗೆ ಸೇರಿತಷ್ಟೆ. ಅಂದಿನಿಂದ ಮದರಾಸಿನ ಒಂದು ಹಳೆಯ ಕಾಗದ ಇಲ್ಲಿಗೆ ಬರಬೇಕಾದರೂ ಹತ್ತಾರು ಮೇಜು ಹತ್ತಿಳಿದು ಬರಬೇಕು. ತಾವಾದರೋ ಮದರಾಸಿನಲ್ಲಿ ಹಡಗಿನಿಂದಿಳಿದು, ಯಾವ ಕಚೇರಿಗೂ ಅರ್ಜಿ ಹಾಕದೆ, ಟಿಕೆಟ್ಟನ್ನೂ ಕೊಳ್ಳದೆ, ಸತ್ಯಮಂಗಲದ ಕಡೆಯ ಬಸ್ಸಿನಲ್ಲಿ ಕುಳಿತು ನೇರವಾಗಿ ಬಂದುಬಿಟ್ಟಿರಿ. ಬಂದವರು ಯಾರ ಜಾತಿಯನ್ನೂ ಕೇಳಲಿಲ್ಲ, ಸಾಹುಕಾರರ ಮಂಚವೆಂದು ಹಿಂಜರಿಯಲಿಲ್ಲ. ಎದುರಾಳಿಯ ಅಂಕಣಕ್ಕೆ ನುಗ್ಗಿ, ಸಿಕ್ಕವರನ್ನೆಲ್ಲ ಮುಟ್ಟಿ, ಒಬ್ಬರ ಕೈಗೂ ಸಿಗದೆ ಗೆರೆ ದಾಟಿ ಹೋಗುವ ಆಟಗಾರನನ್ನು ನಾನು ಬಹಳ ವರ್ಷಗಳಿಂದ ಹುಡುಕುತ್ತಿದ್ದೆ. ತಮ್ಮ ವಯಸ್ಸು ಹದಿನೆಂಟರೊಳಗಿದ್ದಿದ್ದರೆ ನಮ್ಮ ತಂಡಕ್ಕೇ ಸೇರಿಸಿಕೊಳ್ಳುತ್ತಿದ್ದೆ.

ಹಿಂದಿನ ಬೀದಿಯ ಮುದುಕಿ ರಂಗಮ್ಮ ಮಲಗಿದವಳು ಏಳಲೇ ಇಲ್ಲ. ಆ ವಿಷಯವನ್ನು ದೇವರೇ ತಮ್ಮೊಡನೆ ಮಾತಾಡಲಿ. ನನ್ನದು ಚಿಕ್ಕ ದೂರು.

ಮುದ್ದಯ್ಯ ನನ್ನ ಅಕ್ಕ ಅನಸೂಯಮ್ಮನ ಮಗ. ಮಗ್ಗ ತುಳಿದು ತುಳಿದು ಅವನ ಕಾಲು ಗಟ್ಟಿಯಾಗಿರುವುದು ನಿಜ, ಆದರೆ ಅವನ ಆಸ್ತಿ ಕಾಲಲ್ಲ, ಉಸಿರು. ಕಬಡ್ಡಿಯಲ್ಲಿ ಎದುರಾಳಿಯ ಕಡೆಗೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಹಿಂದಿರುಗಬೇಕು, ನಡುವೆ ಕಡಿದರೆ ಔಟು ಎಂಬುದು ತಮಗೂ ತಿಳಿದಿರಬಹುದು. ಅಕ್ಕ ಮಗನ ಉಸಿರನ್ನು ಅಳೆಯುವುದು ಗಡಿಯಾರದಿಂದಲ್ಲ. ಸಂಜೆ ಅವನು ಬಾಗಿಲಲ್ಲಿ ನಿಂತು ಆರಂಭಿಸುವ ಹೊತ್ತಿಗೆ ಅವಳು ಸೀರೆಯ ಅಂಚಿಗೆ ಒಂದು ಕೆಂಪು ನೂಲಿನ ಗುರುತಿಟ್ಟು ಲಾಳಿ ಓಡಿಸತೊಡಗುವಳು. ಉಸಿರು ಕಡಿದಾಗ ನಿಲ್ಲಿಸಿ, ಗುರುತಿನಿಂದ ಆಚೆಗೆ ತೋರುಬೆರಳನ್ನು ಅಡ್ಡ ಇಟ್ಟು ನೋಡುವಳು. ಮುದ್ದಯ್ಯನ ಒಂದು ಉಸಿರಿಗೆ ಸೀರೆ ಸರಿಯಾಗಿ ಒಂದು ಬೆರಳಗಲ ಬೆಳೆಯುತ್ತಿತ್ತು. ಬೆರಳು ತುಂಬಿದರೆ ಊಟಕ್ಕೆ ಕರೆಯುವಳು, ತುಂಬದಿದ್ದರೆ ಇನ್ನೊಂದು ಸಲ.

ಈ ವರ್ಷ ಮೈಸೂರಿನ ಒಂದು ವ್ಯಾಯಾಮ ಸಂಘದ ಮೇಷ್ಟ್ರು ಗೋವಿಂದಯ್ಯನವರು ತಮ್ಮ ತಂಡಕ್ಕೆ ನಮ್ಮ ಸೀಮೆಯಿಂದ ಒಬ್ಬ ಹುಡುಗನನ್ನು ಆರಿಸಲು, ನಮಗೂ ಯಳಂದೂರಿನವರಿಗೂ ನಡೆಯುವ ಆಟ ನೋಡಲು ಬರುವವರಿದ್ದರು. ಹದಿನೆಂಟು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಮುದ್ದಯ್ಯನಿಗೆ ಬರುವ ದೀಪಾವಳಿಗೆ ಹದಿನೆಂಟು. ಈ ವರ್ಷವಾದರೆ ಆಯಿತು, ಇಲ್ಲವಾದರೆ ಅವನಿಗೆ ಮೈಸೂರಿಲ್ಲ. ನಮ್ಮ ಬೀದಿಯಲ್ಲಿ ಮಗ್ಗಕ್ಕೆ ರಜ ಅಮಾವಾಸ್ಯೆಗೆ ಮಾತ್ರವಾದ್ದರಿಂದ ಆಟವನ್ನು ಅಮಾವಾಸ್ಯೆಗೇ ಗೊತ್ತು ಮಾಡಿದೆವು.

ಇಷ್ಟರಲ್ಲಿ ತಾವು ದಯಮಾಡಿಸಿದಿರಿ. ಒಂದೊಂದೇ ಮನೆಯಲ್ಲಿ ಮಗ್ಗ ನಿಂತು ಬೀದಿಗೆ ಬೀದಿಯೇ ನಿಶ್ಶಬ್ದವಾಯಿತು. ನೂಲು ಕೊಡಲು ಬಂದ ಯಳಂದೂರಿನ ದಲ್ಲಾಳಿಯೊಬ್ಬ ಬೀದಿಯ ತುದಿಯಲ್ಲಿ ನಿಂತು ಕಿವಿಗೊಟ್ಟು, ಒಂದು ಮಗ್ಗದ ಸದ್ದೂ ಕೇಳದಿದ್ದುದರಿಂದ ಇವತ್ತೇ ಅಮಾವಾಸ್ಯೆಯೆಂದು ತೀರ್ಮಾನಿಸಿ, ಬಂದ ಬಸ್ಸಿನಲ್ಲೇ ಹಿಂದಿರುಗಿ ಸುದ್ದಿ ಮುಟ್ಟಿಸಿದ. ಪಂಚಾಂಗ ತಪ್ಪಿದರೂ ಕೊಳ್ಳೇಗಾಲದ ಮಗ್ಗ ತಪ್ಪುವುದಿಲ್ಲವೆಂದು ನಂಬಿದ ಬೆಲ್ಲದ ವ್ಯಾಪಾರಿ ಷಡಕ್ಷರಿಯವರು, ಯಳಂದೂರು ತಂಡದ ಹಿರಿಯರು ಅವರೇ, ಹುಡುಗರನ್ನೆಲ್ಲ ಹೊರಡಿಸಿಕೊಂಡು ಮಧ್ಯಾಹ್ನಕ್ಕೆ ಬಂದಿಳಿದರು. ಬಂದವರು ಆಟವಿಲ್ಲದಿದ್ದರೂ ಮರ್ಯಾದೆಸ್ಥರಾದ್ದರಿಂದ ಮನೆ ಮನೆಗೂ ಹೋಗಿ, ಮಲಗಿದ್ದವರ ಹಣೆ ಮುಟ್ಟಿ ನೋಡಿ, ಕಷಾಯದ ಸಲಹೆ ಕೊಟ್ಟು, ಪ್ರತಿಯಾಗಿ ತಮ್ಮನ್ನು ಊರಿಗೆ ಕರೆದುಕೊಂಡು ಹೋದರು. ಎರಡು ತಂಡಗಳನ್ನೂ ಹೀಗೆ ಸರಿಸಮ ಮಾಡಿದ ತಮ್ಮ ನ್ಯಾಯಬುದ್ಧಿಯನ್ನು ಕೊಂಡಾಡಲೇಬೇಕು.

ನಿಜವಾದ ಅಮಾವಾಸ್ಯೆ ಬರುವ ಹೊತ್ತಿಗೆ, ಮಲಗಿದ್ದ ಮುದ್ದಯ್ಯನೂ ಸೇರಿ, ಎದ್ದು ನಿಲ್ಲಬಲ್ಲವರೆಲ್ಲ ಎದ್ದು ನಿಂತಿದ್ದರು. ಆರೋಗ್ಯ ಇಲಾಖೆಯ ಸಾಹೇಬರೊಬ್ಬರು ಬಂದು, ಆಡುವುದಾದರೆ ಆಡಿ, ಆದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರನ್ನೊಬ್ಬರು ಮುಟ್ಟದೆ ಆಡಿ ಎಂದು ಅಪ್ಪಣೆ ಕೊಡಿಸಿದರು. ಮುಟ್ಟದೆ ಕಬಡ್ಡಿ ಆಡುವ ವಿದ್ಯೆ ನಮಗೆ ಬಾರದ್ದರಿಂದ ಅಪ್ಪಣೆಯ ಅರ್ಧವನ್ನಾದರೂ ನಡೆಸೋಣವೆಂದು ಬಾಯಿಗೆ ಬಟ್ಟೆ ಕಟ್ಟಿದೆವು. ನಮ್ಮಲ್ಲಿ ಉಳಿದ ತುಂಡೆಂದರೆ ಜರಿಯಂಚಿನ ರೇಷ್ಮೆ. ಹುಡುಗರೆಲ್ಲ ಮೈಗೆ ಚಡ್ಡಿ, ಮೋರೆಗೆ ಧಾರೆಯ ಸೀರೆ ಎಂಬಂತೆ ನಿಂತರು. ಆದರೆ ರೇಷ್ಮೆಯ ಹಿಂದೆ ಯಾರು ಕಬಡ್ಡಿ ಅನ್ನುತ್ತಿದ್ದಾರೆ, ಯಾರು ಹಾಯಾಗಿ ಉಸಿರಾಡುತ್ತಿದ್ದಾರೆ ಎಂಬುದು ಗೋವಿಂದಯ್ಯನವರಿಗೆ ತಿಳಿಯದೆ ದೊಡ್ಡ ಜಗಳವಾಯಿತು. ಆಗ ಮುದ್ದಯ್ಯ ತಾನೇ ಮೊದಲು ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಕಬಡ್ಡಿ ಎನ್ನುತ್ತಾ ಗೆರೆ ದಾಟಿದ.

ಮೂವರನ್ನು ಮುಟ್ಟಿದ. ತಿರುಗಿದ. ಗೆರೆಗೆ ಇನ್ನೂ ಒಂದು ಮೊಳವಿದೆ ಎನ್ನುವಾಗ ತಾವು ಅವನ ಎದೆಯಲ್ಲಿ ಬಿಟ್ಟುಹೋಗಿದ್ದ ಕೆಮ್ಮು ಎದ್ದಿತು. ಒಂದೇ ಒಂದು ಕೆಮ್ಮು, ಉಸಿರು ಕಡಿಯಿತು, ಅವನು ಅಲ್ಲೇ ಕುಸಿದು ಕುಳಿತ. ಆಟ ಅಲ್ಲಿಗೇ ಮುಗಿಯಿತು. ಗೆದ್ದ ಯಳಂದೂರಿನವರು ಕೂಗಲಿಲ್ಲ. ಷಡಕ್ಷರಿಯವರು ಪಂಚೆ ಎತ್ತಿಕಟ್ಟಿಕೊಂಡು ಅಂಕಣದೊಳಗೆ ಬಂದು ಅವನ ಬೆನ್ನು ನೀವುತ್ತಾ, “ಆಟ ಓಗ್ಲಿ ಕಣ್ಲಾ ಮಗ, ಮೊದ್ಲು ಉಸ್ರು ತಕ” ಎಂದರು. ಅದನ್ನು ನೋಡಿ ನನಗೆ ಅಳು ಬಂತೆಂಬುದನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಆ ಸಂಜೆ ಅಮಾವಾಸ್ಯೆಯೆಂಬುದನ್ನೂ ಲೆಕ್ಕಿಸದೆ ಅಕ್ಕ ಮಗ್ಗಕ್ಕಿಳಿದು ಅಳೆದಳು. ಸೀರೆ ಬೆಳೆದದ್ದು ಒಂದು ಉಗುರಿನಷ್ಟು.

ಒಂದು ಉಪಕಾರವನ್ನು ಮಾತ್ರ ಮರೆಯಲಾರೆ. ಮೈಸೂರಿನ ಬಸ್ಸು ಹತ್ತುವಾಗಲೇ ಗೋವಿಂದಯ್ಯನವರ ಹಲ್ಲು ಕಟಕಟ ಎನ್ನುತ್ತಿತ್ತು. ಎದ್ದ ಮೇಲೆ ಅವರು, ಜ್ವರದ ತಾಪದಲ್ಲಿ ಯಾರ ಆಟವೂ ನೆನಪಿಲ್ಲ, ಬರುವ ಅಮಾವಾಸ್ಯೆಗೆ ಮತ್ತೆ ಬಂದು ನೋಡಿಯೇ ಆರಿಸುತ್ತೇನೆ ಎಂದು ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದಾರೆ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಒಯ್ದ ಉಸಿರನ್ನು ಬಂದ ಬಸ್ಸಿನಲ್ಲೇ ಪಾರ್ಸೆಲ್ ಮಾಡಿ ಅಮಾವಾಸ್ಯೆಯೊಳಗೆ ತಲುಪಿಸತಕ್ಕದ್ದು. ಅದು ಈಗಾಗಲೇ ಖರ್ಚಾಗಿದ್ದರೆ, ತಾವು ತಿಂದ ದಿನಗಳನ್ನು ಮುದ್ದಯ್ಯನ ವಯಸ್ಸಿನಿಂದ ಕಳೆದು, ದೀಪಾವಳಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸತಕ್ಕದ್ದು. ಅದೂ ಆಗದಿದ್ದರೆ ತಾವೇ ಖುದ್ದಾಗಿ ಬಂದು, ಹುಡುಗ ಸೋತದ್ದು ನನ್ನಿಂದ, ಅವನಿಂದಲ್ಲ ಎಂದು ಗೋವಿಂದಯ್ಯನವರ ಮುಂದೆ ಸಾಕ್ಷಿ ಹೇಳತಕ್ಕದ್ದು. ಹೇಳುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು, ರೇಷ್ಮೆ ನಾವೇ ಕೊಡುತ್ತೇವೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾಗಿರುವ,
ಹೊನ್ನಯ್ಯ

ತಾ.ಕ.: ಈ ಪತ್ರವನ್ನು ಅಂಟಿಸುವ ಮೊದಲೇ ಒಂದು ವಿಷಯ ನಡೆದುಹೋಯಿತು. ನಿನ್ನೆ ಸಂಜೆ ಮುದ್ದಯ್ಯ ಎಂದಿನಂತೆ ಬಾಗಿಲಲ್ಲಿ ನಿಂತ, ಅಕ್ಕ ಕೆಂಪು ನೂಲಿಟ್ಟು ಲಾಳಿ ಓಡಿಸಿದಳು, ಕೊನೆಗೆ ಬೆರಳಿಟ್ಟು ನೋಡಿದಳು. ಬೆರಳು ತುಂಬಿ, ಅದರಾಚೆಗೆ ಇನ್ನೂ ಒಂದು ಎಳೆ ಇತ್ತು. ಅವಳು ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, “ಬಾ, ಉಣ್ಣು” ಎಂದಳು. ತಾವು ಕೊಡಬೇಕಾದದ್ದನ್ನು ಹೀಗೆ ನಾವೇ ನೇಯ್ದುಕೊಂಡಿರುವುದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಮಾವಾಸ್ಯೆಯ ಆಟಕ್ಕೆ ಊರಿನವರೆಲ್ಲ ಬರುತ್ತಾರೆ, ಯಳಂದೂರಿನವರೂ ಬರುತ್ತಾರೆ, ತಮ್ಮನ್ನು ಕರೆದಿಲ್ಲ.