ಹೆಸರಿಲ್ಲದ ಮೊರ

ಏಪ್ರಿಲ್ 21, ಮಂಗಳವಾರ. ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಶುರುವಾಯಿತು, 3 ಗಂಟೆ 44ಕ್ಕೆ ಮುಗಿಯಿತು. ಗಡಿಯಾರ ನೋಡಿದವಳು ನಾನೇ. ರಾವಂದೂರಿನ ಆಚೆಗಿರುವ ನಮ್ಮೂರಿಗೆ ಸುಂಟರಗಾಳಿ ಬಂತು. ಮಳೆ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಕೆಳಗಿನ ಬೀದಿಯ ನಮ್ಮ ಮನೆಯಲ್ಲಿ ಹಗ್ಗದ ಮೇಲಿನ ಬಟ್ಟೆ ಕೂಡ ಹಾರಲಿಲ್ಲ. ಮೇಲಿನ ಬೀದಿಯ ನಮ್ಮ ದೊಡ್ಡಪ್ಪನ ಮನೆಗೆ ಸೂರೇ ಇರಲಿಲ್ಲ.

ಈ ಸೀಮೆಯಲ್ಲಿ ಗಾಳಿಗೆ ಹೆದರದ ಮನುಷ್ಯ ಒಬ್ಬರೇ, ಅವರು ನಮ್ಮ ದೊಡ್ಡಪ್ಪ. ಗಾಳಿ ಏನನ್ನು ಹೊತ್ತುಕೊಂಡು ಹೋದರೂ ಅದರ ಮೇಲೆ ಅವರ ಹೆಸರಿರುತ್ತಿತ್ತಲ್ಲ! ಸ್ಟೀಲ್ ಪಾತ್ರೆಯ ಮೇಲೆ ಎಲ್ಲರೂ ಹೆಸರು ಕೊರೆಸುತ್ತಾರೆ. ಅಷ್ಟಕ್ಕೇ ನಿಲ್ಲಿಸಲು ಇವರಿಗೇನು, ಎಲ್ಲರಂತೆ ಬುದ್ಧಿ ಇದೆಯೇ? ಡಾಂಬರು ಮತ್ತು ಹಳೆಯ ಬ್ರಷ್ ಹಿಡಿದು ಏಣಿಗೆ ಬರೆದರು, ಕುರ್ಚಿಗೆ ಬರೆದರು, ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನ ಬಾಗಿಲಿಗೆ ಬರೆದರು, ಸೂರಿನ ಹದಿನೆಂಟು ತಗಡಿಗೂ ಬರೆದರು. ಎತ್ತಿನ ಕೊಂಬಿಗೆ ಬರೆಯಲು ಹೋಗಿ ತಿವಿಸಿಕೊಂಡರು. ತೊಡೆಗೆ ನಾಲ್ಕು ಹೊಲಿಗೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರೇ ಸಾಕಷ್ಟು ಕಡೆ ಬರೆದಿದ್ದಾರೆ.

ಮಾರನೆಯ ದಿನ ಬೆಳಗ್ಗೆ ಏಳಕ್ಕೆ ಬಂದು ಕರೆದರು. "ಡೈರಿ ತಕ್ಕೊಂಡ್ ಬಾರವ್ವ. ಗಾಳಿ ಏನೇನ್ ಮಾಡ್ಯದೆ, ಬರ್ಕೊಳವಾ."

ಗಾಳಿ ಹೋದ ದಾರಿಯನ್ನು ಹೆಜ್ಜೆ ಹಾಕಿ ಅಳೆದೆವು. ಅಗಲ ಅರವತ್ತು ಹೆಜ್ಜೆ. ಬುಡಮೇಲಾದ ತೆಂಗು 9. ಸೂರು ಹೋದ ಮನೆ 6. ಹುಣಿಸೇಮರದ ತುದಿಯಲ್ಲಿ ಒಂದು ಬಕೆಟ್ಟು. ಅದರ ಮೇಲೂ ದೊಡ್ಡಪ್ಪನ ಹೆಸರು! ನಗಬೇಕೆಂದುಕೊಂಡೆ, ಆದರೆ ಅಷ್ಟರಲ್ಲಿ ಕೆಂಪಮ್ಮನ ಹಿತ್ತಲು ಬಂತು.

ಕೆಂಪಮ್ಮ ದೊಡ್ಡಪ್ಪನ ನೆರೆಯವಳು, ಒಂಟಿ ಹೆಂಗಸು. ಅವಳ ಹಸು ಗೂಟದ ಹತ್ತಿರ ಸತ್ತು ಬಿದ್ದಿತ್ತು. ಕುತ್ತಿಗೆಯ ಮೇಲೆ ಒಂದು ತಗಡು. ಅದನ್ನು ತಿರುಗಿಸಿ ನೋಡುವ ಅಗತ್ಯ ಇರಲಿಲ್ಲ, ಅಕ್ಷರ ಮೇಲ್ಮುಖವಾಗಿಯೇ ಇತ್ತು.

"ಬೇರೆ ಯಾರ್ ತಗಡಾದ್ರೂ ಗಾಳಿ ಅಂತ ಸುಮ್ನಾಯ್ತಿದ್ದೆ ಕಣಣ್ಣ," ಅಂದಳು ಕೆಂಪಮ್ಮ. "ಈಗ ನನ್ ಅಸ ಸಾಯ್ಸಿದ್ದು ಯಾರು ಅಂತ ಓದಾಕ್ ಬರೋರಿಗೆಲ್ಲ ಗೊತ್ತಾಯ್ತದೆ."

ದೊಡ್ಡಪ್ಪ ಮನೆಗೆ ಹೋಗಿ ತಮ್ಮ ಕಂದು ಹಸುವನ್ನು ಬಿಚ್ಚಿ ತಂದು ಅವಳ ಗೂಟಕ್ಕೆ ಕಟ್ಟಿದರು.

"ಗಂಟೇಲಿ ನಿಮ್ಮೆಸ್ರದೆ," ಅಂದಳು ಕೆಂಪಮ್ಮ.

ದೊಡ್ಡಪ್ಪ ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ಈಗಿಲ್ಲ ಬುಡವ್ವ."

ಮುಂದಿನ ಮೂರು ದಿನ ಸುತ್ತಲಿನ ಊರುಗಳಿಂದ ಜನ ಬರುತ್ತಲೇ ಇದ್ದರು. ತಲೆಯ ಮೇಲೆ ತಗಡು, ಸೈಕಲ್ಲಿಗೆ ಕಟ್ಟಿದ ಏಣಿ. "ಯಜಮಾನ್ರೆ, ನಿಮ್ ಕುರ್ಚಿ ನಮ್ ಬಾವಿಗ್ ಬಂದಿತ್ತು" ಎಂದೊಬ್ಬ ಹೇಳಿದ, ನೆಂಟರನ್ನು ಬಿಡಲು ಬಂದವನ ಹಾಗೆ. ಬೇರೆಯವರ ತಗಡುಗಳಿಗಾಗಿ ಮೂರು ಕಡೆ ಜಗಳ ಆಯಿತು. ಇವರದಕ್ಕೆ ಒಂದೂ ಇಲ್ಲ. ನನ್ನ ಲೆಕ್ಕದಲ್ಲಿ ಹೋದದ್ದು 43, ಬಂದದ್ದು 42.

ಬಾರದೆ ಉಳಿದದ್ದು ಒಂದು ಮೊರ. ಅದು ಸಿಗುವ ತನಕ ಸೂರು ಹಾಕುವುದಿಲ್ಲ ಅಂತ ದೊಡ್ಡಪ್ಪ ಹಟ ಹಿಡಿದರು! ಹದಿನೆಂಟು ತಗಡು ಗೋಡೆಗೆ ಒರಗಿದ್ದವು, ಒಳಗೆ ಬಿಸಿಲಿನಲ್ಲಿ ಕೂತು ದೊಡ್ಡಪ್ಪ ಕೆಮ್ಮುತ್ತಿದ್ದರು.

"ಸಂತೇಲಿ ಒಂದಲ್ಲ ಅತ್ತು ಮೊರ ತಂದಾಕ್ತೀನಿ, ಸೂರ್ ಮುಚ್ಚಣ್ಣ, ಮಳೆ ಬತ್ತದೆ," ಅಂದರು ನಮ್ಮಪ್ಪ.

"ಮಳೆ ಬತ್ತದೆ ಅಂತ್ಲೇ ನಂಗೂ ಎದ್ರಿಕೆ," ಅಂದರು ದೊಡ್ಡಪ್ಪ.

ನಷ್ಟ ಬರೆದುಕೊಳ್ಳಲು ಗ್ರಾಮ ಲೆಕ್ಕಿಗರು ಬಂದಾಗಲೂ ಅದೇ ಪಾಡು.

"ಮನೆ, ಜಾನುವಾರು, ಬೆಳೆ. ಮೊರಕ್ಕೆ ಕಾಲಂ ಇಲ್ಲ ಯಜಮಾನ್ರೆ."

"ಇಲ್ದಿದ್ರೆ ಗೆರೆ ಎಳೀರಿ. ಸ್ಕೇಲ್ ಬೇಕಾ? ನಂದೇ ಅದೆ, ಎಸ್ರೂ ಅದೆ."

ಆಮೇಲೆ ಸುದ್ದಿ ಕೇಳಿ ಜನ ಮೊರಗಳನ್ನೂ ತಂದರು. ಒಟ್ಟು ಏಳು. ದೊಡ್ಡಪ್ಪ ಒಂದೊಂದನ್ನೂ ಮಗುಚಿ, ಬೆನ್ನಿನ ಮೇಲೆ ತಮ್ಮ ಬೆರಳುಗಳನ್ನು ಇಟ್ಟು ನೋಡಿ, "ಇದಲ್ಲ" ಅಂತ ವಾಪಸು ಕೊಟ್ಟರು. ಏಳನೆಯದನ್ನು ಕೊಟ್ಟ ಮೇಲೆ ನಾನು ಕೇಳಿಯೇಬಿಟ್ಟೆ.

"ಎಲ್ಲಾದಕ್ಕೂ ಹೆಸರು ಬರೆದೋರು ಮೊರಕ್ಕೆ ಯಾಕೆ ಬರೀಲಿಲ್ಲ ದೊಡ್ಡಪ್ಪ?"

"ನಿಮ್ ದೊಡ್ಡವ್ವ ಬುಡ್ನಿಲ್ಲ ಕಣವ್ವ. 'ಮೊರದ್ ಮೇಲೂ ನಿಮ್ಮೆಸ್ರಾ? ಅಂಗೇ ನನ್ ಅಣೆ ಮೇಲೂ ಬರ್ಕಬುಡಿ' ಅಂದ್ಳು."

ದೊಡ್ಡಮ್ಮ ತೀರಿಕೊಂಡು ಎರಡು ವರ್ಷ. ಹೋಗುವ ಹಿಂದಿನ ವಾರ ಹಳೆಯ ಕಾಗದ, ಮೆಂತ್ಯ ನೆನೆಸಿ ರುಬ್ಬಿ ಆ ಮೊರಕ್ಕೆ ಮೆತ್ತಿದ್ದರು, ತೂತು ಮುಚ್ಚಲಿ ಅಂತ. ಹಸಿ ಇರುವಾಗಲೇ ಎತ್ತಿಟ್ಟರಂತೆ. ಬೆನ್ನಿನ ಮೇಲೆ ಅವರ ನಾಲ್ಕು ಬೆರಳಿನ ಅಚ್ಚು ಹಾಗೆಯೇ ಒಣಗಿ ನಿಂತಿತು.

"ಅವ್ಳ ಬೆಳ್ಳು ನನ್ನವಕ್ಕಿಂತ ಒಂದ್ ಗೆಣ್ಣು ಗಿಡ್ಡ," ಅಂದರು ದೊಡ್ಡಪ್ಪ. "ದಿನಾ ಇಟ್ ನೋಡ್ತಿದ್ದೆ."

ಇವತ್ತು ಏಪ್ರಿಲ್ 29. ಮನೆಗೆ ಇನ್ನೂ ಸೂರಿಲ್ಲ. ಗಾಳಿ ಕೃಷ್ಣರಾಜನಗರದ ದಿಕ್ಕಿಗೆ ಹೋಯಿತು ಅಂತ ಕಂಡವರು ಹೇಳುತ್ತಾರೆ. ಆ ಕಡೆ ಯಾರ ಬೇಲಿಯಲ್ಲಾದರೂ, ಗದ್ದೆಯಲ್ಲಾದರೂ ಒಂದು ಹಳೆಯ ಬಿದಿರಿನ ಮೊರ ಸಿಕ್ಕಿದ್ದರೆ ದಯವಿಟ್ಟು ಮಗುಚಿ ನೋಡಿ. ಹೆಸರು ಇರುವುದಿಲ್ಲ. ನಾಲ್ಕು ಬೆರಳಿದ್ದರೆ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ, ಎಷ್ಟೇ ದೂರವಾದರೂ ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಅದನ್ನು ಒಳಗೆ ಇಟ್ಟುಕೊಂಡಿರಿ. ಮೆತ್ತಿದ್ದು ಬರೀ ಕಾಗದ. ಒಂದು ಮಳೆ ಬಿದ್ದರೆ ಕರಗಿಹೋಗುತ್ತದೆ.